ಕೋರ್ಟಿಗೆ ವಿಡಿಯೋದಲ್ಲಿ ಹಾಜರಾಗುವುದು ಹೇಗೆ? ಮಂಗಳೂರು, ಉಡುಪಿಯ ಕಕ್ಷಿದಾರರಿಗೆ ಸಮಗ್ರ ಮಾರ್ಗದರ್ಶಿ

ಕುವೈತಿನಿಂದ ಒಬ್ಬರು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದರು. ಅಣ್ಣತಮ್ಮಂದಿರ ಪಾಲಿನ ದಾವೆ, ಊರಿನ ಕೋರ್ಟು. ಮುಂದಿನ ವಾಯಿದೆಗೆ ಇವರದೇ ಸಾಕ್ಷಿ. ಕಂಪನಿಯವರು ರಜೆ ಕೊಡುವುದಿಲ್ಲ. “ಲಾಯರ್ರೇ, ವಾಟ್ಸಾಪಲ್ಲಿ ವಿಡಿಯೋ ಕಾಲ್ ಮಾಡಿ ಸಾಕ್ಷಿ ಹೇಳಿದ್ರೆ ಆಗುದಿಲ್ವಾ?” ಅಂತ ಕೇಳಿದರು. ವಾಯಿದೆಗೆ ಉಳಿದದ್ದು ನಾಲ್ಕೇ ದಿನ.

ಆಗುವುದಿಲ್ಲ ಮಾರಾಯ್ರೆ ಅಂದೆ. ಎರಡು ತಿಂಗಳು ಮೊದಲು ಕೇಳಿದ್ದರೆ ಆಗುತ್ತಿತ್ತು. ವಾಟ್ಸಾಪಿನಲ್ಲಿ ಅಲ್ಲ, ಕೋರ್ಟು ಒಪ್ಪುವ ದಾರಿಯಲ್ಲಿ. ನಮ್ಮ ಎರಡು ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲೋ ಮುಂಬೈಯಲ್ಲೋ ಇರುತ್ತಾರೆ. ಹಾಗಾಗಿ ಈ ಪ್ರಶ್ನೆ ನನಗೆ ಹೊಸತಲ್ಲ. ಪ್ರತಿ ಸಲ ಫೋನಿನಲ್ಲಿ ಹೇಳುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ನೋಡಬೇಕಾದ್ದು: ಹಾಜರಿಯೋ, ಸಾಕ್ಷಿಯೋ?

ವಿಡಿಯೋ ಕಾನ್ಫರೆನ್ಸ್ ಅಂದಾಗ ಜನ ಎರಡು ಬೇರೆ ಕೆಲಸಗಳನ್ನು ಬೆರೆಸಿಬಿಡುತ್ತಾರೆ. ಒಂದು, ಹಾಜರಿ ಹಾಕುವುದು, ವಕೀಲರು ವಾದ ಮಾಡುವುದು. ಇನ್ನೊಂದು, ಪ್ರಮಾಣ ಮಾಡಿ ಸಾಕ್ಷಿ ಹೇಳುವುದು, ಪಾಟೀ ಸವಾಲಿಗೆ, ಅಂದರೆ ಎದುರು ವಕೀಲರ ಪ್ರಶ್ನೆಗಳಿಗೆ ಉತ್ತರಿಸುವುದು. ಮೊದಲನೆಯದಕ್ಕೆ ಕೋರ್ಟಿನ ಲಿಂಕು, ಒಂದು ಲ್ಯಾಪ್‌ಟಾಪು, ಒಳ್ಳೆಯ ನೆಟ್ಟು ಸಾಕು. ಎರಡನೆಯದಕ್ಕೆ ಅರ್ಜಿ ಬೇಕು, ಆದೇಶ ಬೇಕು, ನೀವಿರುವ ಜಾಗದಲ್ಲಿ ಒಬ್ಬ ಜವಾಬ್ದಾರಿಯ ಮನುಷ್ಯ ಬೇಕು. ನಿಯಮದಲ್ಲಿ ಆ ಮನುಷ್ಯನಿಗೆ ಕೋಆರ್ಡಿನೇಟರ್ ಅನ್ನುತ್ತಾರೆ. ಕೋರ್ಟು ಇರುವ ಕಡೆ ‘ಕೋರ್ಟ್ ಪಾಯಿಂಟ್’, ನೀವು ಕೂತ ಕಡೆ ‘ರಿಮೋಟ್ ಪಾಯಿಂಟ್’. ಸಾಕ್ಷಿಯ ಅಥವಾ ಆರೋಪಿಯ ವಿಚಾರಣೆ ಇದ್ದಾಗ ಮಾತ್ರ ರಿಮೋಟ್ ಪಾಯಿಂಟಿನಲ್ಲಿ ಕೋಆರ್ಡಿನೇಟರ್ ಕಡ್ಡಾಯ.

ಇದೆಲ್ಲ ಕೋವಿಡ್ ಕಾಲದಲ್ಲಿ ಹುಟ್ಟಿದ್ದು ಅಂತ ಹಲವರು ಅಂದುಕೊಂಡಿದ್ದಾರೆ. ಅಲ್ಲ. 2003ರಲ್ಲೇ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ, ನ್ಯೂಯಾರ್ಕಿನಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯವನ್ನು ವಿಡಿಯೋದಲ್ಲಿ ಪಡೆಯಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಆರೋಪಿಯ ‘ಎದುರಿನಲ್ಲಿ’ ಸಾಕ್ಷ್ಯ ಪಡೆಯಬೇಕು ಅಂತ ಕಾನೂನು ಹೇಳುತ್ತದಲ್ಲ, ಪರದೆಯ ಮೇಲೆ ಕಂಡರೂ ಅದು ಎದುರೇ ಅನ್ನುವುದು ಆ ತೀರ್ಪಿನ ತಿರುಳು. ಅದೇ ಹೊತ್ತಿಗೆ ನಮ್ಮ ಕರ್ನಾಟಕ ಹೈಕೋರ್ಟು ಕೂಡ ಒಂದು ಸಿನಿಮಾ ಕಂಪನಿಯ ದಾವೆಯಲ್ಲಿ, ಇಂಥ ಸಾಕ್ಷ್ಯ ಹೇಗೆ ಬರೆದುಕೊಳ್ಳಬೇಕು ಎಂದು ಪಟ್ಟಿ ಮಾಡಿ ಹೇಳಿತ್ತು. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟು ದೇಶದ ಎಲ್ಲ ಕೋರ್ಟುಗಳಿಗೂ ದಾರಿ ತೆರೆಯಿತು. ಅದೇ ವರ್ಷ ಕರ್ನಾಟಕ ಹೈಕೋರ್ಟು ವಿಡಿಯೋ ಕಾನ್ಫರೆನ್ಸಿಗೆ ನಿಯಮಗಳನ್ನು ಮಾಡಿತು. ಇನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಮು, ಕ್ರಿಮಿನಲ್ ಕೇಸಿನ ವಿಚಾರಣೆಗಳನ್ನೆಲ್ಲ ಎಲೆಕ್ಟ್ರಾನಿಕ್ ರೂಪದಲ್ಲಿ ನಡೆಸಬಹುದು ಎನ್ನುತ್ತದೆ.

‘ಬಹುದು’ ಅನ್ನುವುದನ್ನು ಗಮನಿಸಿ. ಕೇಳಬಹುದು, ಕೊಡಬಹುದು. ಸಾಕ್ಷಿಯ ವಿಷಯದಲ್ಲಿ ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ.

ಕೇಳಬೇಕಾ, ಬೇಡವಾ?

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಳೆ ಕಾಲದ್ದು. ಇಡೀ ಕೇಸು ನಿಮ್ಮ ಒಬ್ಬರ ಮಾತಿನ ಮೇಲೆ ನಿಂತಿದ್ದರೆ, ಸಾಲ ಮಾಡಿಯಾದರೂ ಟಿಕೆಟ್ ತೆಗೆದು ಬನ್ನಿ. ಕಟಕಟೆಯಲ್ಲಿ ನಿಂತ ಮನುಷ್ಯನನ್ನು ನೋಡಿ ನ್ಯಾಯಾಧೀಶರಿಗೆ ಸಿಗುವ ಅಂದಾಜು, ಪರದೆಯ ಚೌಕದೊಳಗಿನ ಮುಖ ನೋಡಿ ಸಿಗುವುದಿಲ್ಲ. ಧ್ವನಿ ಅರ್ಧ ಸೆಕೆಂಡ್ ತಡವಾಗಿ ಬಂದರೆ ಸತ್ಯ ಹೇಳುವವರೂ ತಡವರಿಸಿದ ಹಾಗೆ ಕಾಣುತ್ತಾರೆ.

ಆದರೆ ವರ್ಗವಾಗಿ ಹೋದ ವೈದ್ಯರು, ಬ್ಯಾಂಕ್ ಮ್ಯಾನೇಜರ್, ದಾಖಲೆ ಗುರುತಿಸಲು ಬರುವ ಸರಕಾರಿ ನೌಕರರು? ಇವರಿಗೆ ವಿಡಿಯೋನೇ ಒಳ್ಳೆಯದು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಈಗ ಕಲಬುರಗಿಯಲ್ಲಿದ್ದರೆ, ಇಪ್ಪತ್ತು ನಿಮಿಷದ ಸಾಕ್ಷಿಗೆ ಎರಡು ದಿನ ಬಸ್ಸಿನಲ್ಲಿ ಕೂರಿಸುವುದು ಯಾರಿಗೂ ಲಾಭವಿಲ್ಲ. ಹಾಸಿಗೆ ಹಿಡಿದ ಅಜ್ಜಿ ಇದೇ ಊರಿನಲ್ಲಿದ್ದರೆ ಇನ್ನೊಂದು ದಾರಿಯೂ ಉಂಟು. ಸಿವಿಲ್ ದಾವೆಯಲ್ಲಿ ಕೋರ್ಟು ಕಮಿಷನರನ್ನು ನೇಮಿಸಿ ಮನೆಯಲ್ಲೇ ಸಾಕ್ಷ್ಯ ಬರೆಸಬಹುದು. ಅಜ್ಜಿಗೆ ಕ್ಯಾಮೆರಾಕ್ಕಿಂತ ಎದುರಿಗೆ ಕೂತ ಮನುಷ್ಯರೇ ವಾಸಿ.

ಗಲ್ಫಿನವರು ಮಾಡುವ ಒಂದು ತಪ್ಪು ಹೇಳಲೇಬೇಕು. ತಮ್ಮನಿಗೆ ಜಿಪಿಎ (ನನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಟ್ಟಿದ್ದೇನೆ, ನನ್ನ ಬದಲು ಅವನೇ ಸಾಕ್ಷಿ ಹೇಳುತ್ತಾನೆ ಅನ್ನುತ್ತಾರೆ. ಜಿಪಿಎ ಇದ್ದವರು ಕೇಸು ನಡೆಸಬಹುದು, ತಾವೇ ಮಾಡಿದ ಕೆಲಸಗಳ ಬಗ್ಗೆ ಹೇಳಬಹುದು. ನಿಮಗೆ ಮಾತ್ರ ಗೊತ್ತಿರುವ ಸಂಗತಿಯನ್ನು ನಿಮ್ಮ ಬದಲಿಗೆ ಹೇಳಲು ಬರುವುದಿಲ್ಲ. ಸುಪ್ರೀಂ ಕೋರ್ಟು ಇದನ್ನು 2004ರಲ್ಲೇ ಸ್ಪಷ್ಟ ಮಾಡಿದೆ. ಅಂಥ ಹೊತ್ತಿನಲ್ಲಿ ವಿಡಿಯೋ ಸಾಕ್ಷ್ಯವೇ ನಿಮ್ಮ ಕೇಸನ್ನು ಉಳಿಸುವುದು.

ಗಂಡ ಹೆಂಡಿರ ಕೇಸುಗಳ ದಾರಿ ಬೇರೆ. 2017ರ ಅಕ್ಟೋಬರಿನಲ್ಲಿ ಶಾಂತಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೊದಲು ಸಂಧಾನ ನಡೆಯಲಿ, ಅದು ಮುರಿದು ಬಿದ್ದ ಮೇಲೆ ಇಬ್ಬರೂ ಒಪ್ಪಿ ಕೇಳಿದರೆ ವಿಡಿಯೋ ಬಳಸಬಹುದು ಎಂದಿತು. ಎದುರು ಪಕ್ಷದವರು ಈಗಲೂ ಇದನ್ನೇ ಎತ್ತುತ್ತಾರೆ, ಉತ್ತರ ಸಿದ್ಧ ಇಟ್ಟುಕೊಳ್ಳಿ. ಇಬ್ಬರೂ ಒಪ್ಪಿ ಹಾಕಿದ ವಿಚ್ಛೇದನ ಅರ್ಜಿಯಾದರೆ ಹಾದಿ ಸಲೀಸು. ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಅದೇ ವರ್ಷ ಸುಪ್ರೀಂ ಕೋರ್ಟು, ಅಂಥ ಅರ್ಜಿಗಳಲ್ಲಿ ವಿಡಿಯೋ ಬಳಸಬಹುದು ಅಂದಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೋ ಕೇಸಿನಲ್ಲಂತೂ ಮಗು ಆರೋಪಿಯ ಮುಖ ನೋಡದಂತೆ ವಿಡಿಯೋ ಅಥವಾ ಪರದೆ ಬಳಸಲು ಕಾಯ್ದೆಯ 36ನೇ ಕಲಮಿನಲ್ಲೇ ಅವಕಾಶ ಇದೆ.

ಅರ್ಜಿ ಹಾಕುವುದು

ಸಾಕ್ಷ್ಯಕ್ಕೆ ದಿನ ಗೊತ್ತಾಗುವ ಮೊದಲೇ ಅರ್ಜಿ ತಯಾರಾಗಲಿ. ಹಾಕುವ ಮುಂಚೆ ಎದುರು ವಕೀಲರ ಹತ್ತಿರ ಒಂದು ಮಾತು ಆಡಿ. ಅವರ ತಕರಾರು ಇಲ್ಲದಿದ್ದರೆ ಒಂದೇ ವಾಯಿದೆಯಲ್ಲಿ ಆದೇಶ ಆಗಬಹುದು. ತಕರಾರು ಇದ್ದರೆ ಎರಡು, ಮೂರು ವಾಯಿದೆ ಅದಕ್ಕೇ ಹೋಗುತ್ತದೆ. ನಿಯಮಗಳ ಅನುಬಂಧದಲ್ಲಿ ಇದಕ್ಕೆಂದೇ ಒಂದು ಫಾರಂ ಇದೆ, ಅದನ್ನು ತುಂಬಬೇಕು. ಅದರ ಜೊತೆ ಕಾರಣ ವಿವರಿಸುವ ಅಫಿಡವಿಟನ್ನೂ ಇಡುವುದು ಜಾಣತನ.

ಕಾರಣ ಬರೆಯುವಾಗ ‘ಅನಿವಾರ್ಯ ಕಾರಣಗಳಿಂದ’ ಅಂತ ಸುಮ್ನೆ ಬರೆಯಬೇಡಿ. ಅದನ್ನು ಓದಿ ಓದಿ ಕೋರ್ಟಿನವರಿಗೆ ಸಾಕಾಗಿದೆ. ವೀಸಾದ ಪ್ರತಿ, ಕಂಪನಿಯ ಪತ್ರ, ಡಾಕ್ಟರ ಸರ್ಟಿಫಿಕೇಟು, ಹೀಗೆ ಏನಿದೆಯೋ ಅದನ್ನು ಲಗತ್ತಿಸಿ. ಸಾಕ್ಷಿ ಯಾರು, ಯಾವ ಊರು, ಯಾವ ಕಟ್ಟಡದಿಂದ ಹಾಜರಾಗುತ್ತಾರೆ, ಅಲ್ಲಿ ಕೋಆರ್ಡಿನೇಟರ್ ಯಾರಾಗಬಹುದು, ಎಷ್ಟು ಹೊತ್ತು ಬೇಕು, ಯಾವ ಭಾಷೆಯಲ್ಲಿ ಹೇಳುತ್ತಾರೆ, ಇವೆಲ್ಲ ಇರಲಿ. ಖರ್ಚು ನಾವೇ ಹೊರುತ್ತೇವೆ ಅಂತ ಒಂದು ಸಾಲು ಸೇರಿಸಿದರೆ ಎದುರಿನವರ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಭಾಷೆ ಅಂದೆ ಅಲ್ವಾ, ಅದು ನಮ್ಮ ಕಡೆ ದೊಡ್ಡ ವಿಷಯ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷು ಹಿಂದಿ. ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿನ ಕೋರ್ಟಿನ ಸಿಬ್ಬಂದಿ ಕಟಕಟೆಯ ಹತ್ತಿರ ನಿಂತು ಕನ್ನಡಕ್ಕೆ ದಾಟಿಸಿಬಿಡುತ್ತಾರೆ. ವಿಡಿಯೋದಲ್ಲಿ ಆ ಸಲುಗೆ ಇಲ್ಲ. ಅನುವಾದಕರು ಬೇಕಿದ್ದರೆ ಅರ್ಜಿಯಲ್ಲೇ ಕೇಳಿ.

ವಕೀಲರಿಗೆ ಕೊಡಲು ಹಣ ಇಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಎಲ್ಲಿ ಕೂರುವುದು?

ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಮನೆಯ ಹಾಲ್ ಸಾಕಲ್ವಾ ಅನ್ನುತ್ತಾರೆ. ವಾದ ಕೇಳಲು ಸಾಕು, ಸಾಕ್ಷಿಗೆ ಸಾಲದು. ಸಾಕ್ಷಿಯ ಬೆನ್ನ ಹಿಂದೆ ನಿಂತು ಯಾರೂ ಹೇಳಿಕೊಡುತ್ತಿಲ್ಲ ಅನ್ನುವುದಕ್ಕೆ ಜವಾಬು ಕೊಡುವ ಒಬ್ಬರು ಬೇಕು.

ಸಾಕ್ಷಿ ವಿದೇಶದಲ್ಲಿದ್ದರೆ ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಅಧಿಕಾರಿ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ಜಿಲ್ಲಾ ನ್ಯಾಯಾಧೀಶರು ಹೆಸರಿಸಿದವರು. ಜೈಲಾದರೆ ಜೈಲಿನ ಸೂಪರಿಂಟೆಂಡೆಂಟ್ ಅಥವಾ ಅಲ್ಲಿನ ಜವಾಬ್ದಾರಿ ಹೊತ್ತ ಅಧಿಕಾರಿ. ಆಸ್ಪತ್ರೆಯಾದರೆ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಅವರು ನೇಮಿಸಿದವರು. ವೆನ್ಲಾಕಿನಲ್ಲೋ ಮಣಿಪಾಲದಲ್ಲೋ ಹಾಸಿಗೆಯಲ್ಲಿರುವ ಸಾಕ್ಷಿಯನ್ನು ಈ ದಾರಿಯಲ್ಲಿ ವಿಚಾರಿಸಬಹುದು.

ಗಲ್ಫಿನವರಿಗೆ ಎರಡು ಕಿವಿಮಾತು. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಸೌದಿ, ಕತಾರ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 11ಕ್ಕೆ ಕೋರ್ಟು ಕೂತಾಗ ಕುವೈತಿನಲ್ಲಿ ಎಂಟೂವರೆ. ಹಾಗಾಗಿ ಮಧ್ಯಾಹ್ನದ ಹೊತ್ತನ್ನೇ ಕೇಳಿ. ಎರಡನೆಯದು, ಕುವೈತ್, ಸೌದಿ, ಕತಾರುಗಳಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾರತದ ಕಚೇರಿಯೂ ಅಂದು ಬಾಗಿಲು ತೆರೆಯುವುದಿಲ್ಲ. ಇಲ್ಲಿನ ಕೋರ್ಟು ಶುಕ್ರವಾರ ವಾಯಿದೆ ಕೊಟ್ಟು, ಅಲ್ಲಿ ಸಾಕ್ಷಿ ಬೀಗ ಹಾಕಿದ ಗೇಟಿನ ಮುಂದೆ ನಿಂತದ್ದನ್ನು ನಾನೇ ನೋಡಿದ್ದೇನೆ. ವಾಯಿದೆ ಕೊಡುವಾಗಲೇ ವಕೀಲರು ಎದ್ದು ಹೇಳಬೇಕು. ದುಬೈಯಲ್ಲಿ ಶನಿವಾರ, ಭಾನುವಾರ ರಜೆ.

ಆದೇಶದ ಪ್ರತಿ ಸಿಕ್ಕಿದ ದಿನವೇ ಕಾನ್ಸುಲೇಟಿಗೆ ಇಮೇಲ್ ಹೋಗಲಿ. ಕೋರ್ಟಿನಿಂದ ಅಧಿಕೃತವಾಗಿ ಹೋಗುವ ಪತ್ರ ಬೇರೆ. ಅದನ್ನೇ ಕಾಯುತ್ತಾ ಕೂತರೆ ಕೆಲಸ ಕೆಟ್ಟಿತು. ಸಿವಿಲ್ ದಾವೆಯಲ್ಲಿ ಮುಖ್ಯ ವಿಚಾರಣೆಗೆ, ಅಂದರೆ ನಿಮ್ಮ ಕಡೆಯ ಹೇಳಿಕೆಗೆ, ಅಫಿಡವಿಟ್ ಕೊಡಬೇಕಲ್ಲ, ಅದಕ್ಕೂ ಅದೇ ಕಾನ್ಸುಲೇಟಿನಲ್ಲಿ ಸಹಿ ಮಾಡಿಸಿ. ಆಗ ವಿಡಿಯೋದಲ್ಲಿ ಉಳಿಯುವುದು ಮುಖ್ಯವಾಗಿ ಪಾಟೀ ಸವಾಲು.

ಕಾಗದಪತ್ರ: ಅರ್ಧ ಕೇಸು ಇಲ್ಲೇ

ಪಾಟೀ ಸವಾಲಿನ ನಡುವೆ ಎದುರು ವಕೀಲರು “ಪಿ-7 ನೋಡಿ, ಎರಡನೇ ಪುಟದ ಸಹಿ ನಿಮ್ಮದಾ?” ಅನ್ನುತ್ತಾರೆ. ಪಿ-7 ಅಂದರೆ ಕೋರ್ಟು ದಾಖಲೆಗೆ ಹಾಕಿದ ಗುರುತಿನ ಸಂಖ್ಯೆ. ಕೋರ್ಟಿನಲ್ಲಾದರೆ ಬೆಂಚ್ ಕ್ಲರ್ಕು ಕಡತ ತೆಗೆದು ಕೈಗೆ ಕೊಡುತ್ತಾರೆ. ಕುವೈತಿನಲ್ಲಿ ಯಾರು ಕೊಡಬೇಕು? ಅದಕ್ಕೇ ಎಲ್ಲ ದಾಖಲೆಗಳ ಒಂದು ಸೆಟ್ಟು ಮೊದಲೇ ರಿಮೋಟ್ ಪಾಯಿಂಟಿಗೆ ಮುಟ್ಟಿರಬೇಕು. ಪುಟ ಸಂಖ್ಯೆ ಇರಲಿ, ಗುರುತಿನ ಸಂಖ್ಯೆ ಇರಲಿ, ಕೋರ್ಟಿನ ಕಡತದಲ್ಲಿ ಯಾವ ಕ್ರಮವೋ ಅದೇ ಕ್ರಮ ಇರಲಿ. ಒಂದು ಪುಟ ಆಚೀಚೆ ಆದರೂ ಹತ್ತು ನಿಮಿಷ ಗೊಂದಲ.

ಆದರೆ ಸಾಕ್ಷಿಗೆ ಮೊದಲೇ ತೋರಿಸಬಾರದ ಕಾಗದ ಎದುರಿನವರಲ್ಲಿ ಇರಬಹುದು. ತಬ್ಬಿಬ್ಬು ಮಾಡಲೆಂದೇ ಇಟ್ಟುಕೊಂಡದ್ದು. ಅದಕ್ಕೆ ಮೊಹರು ಮಾಡಿದ ಲಕೋಟೆ ಕಳಿಸಿ, ಪ್ರಶ್ನೆ ಬಂದಾಗ ಕೋಆರ್ಡಿನೇಟರೇ ಒಡೆದು ಕೊಡುವ ಏರ್ಪಾಡು ಮಾಡಿಸಬಹುದು. ಸ್ಕ್ರೀನ್ ಶೇರ್ ಮಾಡಿಯೂ ತೋರಿಸಬಹುದು. ನನ್ನ ಅನುಭವದಲ್ಲಿ ಹಳೆ ಪಾಲುಪಟ್ಟಿಯ ಮಸುಕು ಸಹಿಗಳು ಪರದೆಯಲ್ಲಿ ಕಾಣುವುದಿಲ್ಲ. ಕಾಗದವೇ ಕ್ಷೇಮ.

ಮೊಬೈಲ್ ಮೆಸೇಜು, ಆಡಿಯೋ, ಸಿಸಿಟಿವಿ ತುಣುಕುಗಳಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟು ಜೊತೆಗಿರಲಿ. ವಿಡಿಯೋದಲ್ಲಿ ಸಾಕ್ಷಿ ಹೇಳಿದ ಮಾತ್ರಕ್ಕೆ ಅದರಿಂದ ವಿನಾಯಿತಿ ಇಲ್ಲ.

ಹಿಂದಿನ ದಿನ

ಜೂನ್, ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ಮೆಸ್ಕಾಂನವರಿಗೂ ಗೊತ್ತಿರುವುದಿಲ್ಲ. ತೆಂಗಿನ ಗರಿ ಒಂದು ಬಿದ್ದರೆ ಸಾಕು, ಲೈನು ಕಟ್. ಯುಪಿಎಸ್ ಇದ್ದರೆ ಅದಕ್ಕೆ ರೂಟರನ್ನೂ ಜೋಡಿಸಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ರೂಟರಿಗೆ ಇಲ್ಲ ಅನ್ನುವುದು ನೆಟ್ಟು ಹೋದ ಮೇಲೆಯೇ ನೆನಪಾಗುವುದು. ಎರಡನೇ ಕಂಪನಿಯ ಸಿಮ್ ಇರುವ ಒಂದು ಫೋನು ಹಾಟ್‌ಸ್ಪಾಟಿಗೆ ತಯಾರಿರಲಿ.

ಮುಂದೆ ಬಳಸುವ ಅದೇ ಆ್ಯಪಿನಲ್ಲಿ, ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ ಒಮ್ಮೆ ಪರೀಕ್ಷೆ ಮಾಡಿ. ವಾಟ್ಸಾಪಿನಲ್ಲಿ ಚೆನ್ನಾಗಿ ಕೇಳಿಸಿತು ಅನ್ನುವುದು ಪರೀಕ್ಷೆ ಅಲ್ಲ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದೆ ಬೇಡ. ಶೀಟಿನ ಮಾಡಿನ ಕೆಳಗೆ ಕೂತರೆ ಮಳೆಯ ಸದ್ದಿಗೆ ನಿಮ್ಮ ಮಾತು ಮುಳುಗಿ ಹೋಗುತ್ತದೆ. ಮೈಕ್ ಇರುವ ಇಯರ್‌ಫೋನ್ ಬೇಕೋ ಬೇಡವೋ ಅನ್ನುವುದನ್ನು ಕೋರ್ಟಿಗೆ ಬಿಡಿ. ಕಿವಿಯಲ್ಲಿ ಯಾರೋ ಹೇಳಿಕೊಡುತ್ತಿದ್ದಾರೆ ಎಂಬ ಸಂಶಯ ಬಂದರೆ ತೆಗೆಯಲು ಹೇಳುತ್ತಾರೆ.

ಕೇಸ್ ನಂಬರು ಮತ್ತು ಪ್ರತಿ ಕೇಸಿಗೂ ಬೇರೆ ಬೇರೆಯಾಗಿರುವ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್ಆರ್ ಹಾಕಿದರೆ ವಾಯಿದೆ ಕಾಣುತ್ತದೆ. ಇದು ಗೊತ್ತಾಗದವರು ಕೋರ್ಟಿನ ಆವರಣದ ಇ-ಸೇವಾ ಕೇಂದ್ರದಲ್ಲಿ ಕೇಳಬಹುದು.

ಹೈಕೋರ್ಟಿನ ಕೇಸಾದರೆ

ಮಂಗಳೂರಿನಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್. ಧಾರವಾಡ, ಕಲಬುರಗಿಗಳಲ್ಲಿ 2008ರಿಂದ ಹೈಕೋರ್ಟಿನ ಪೀಠಗಳಿವೆ. ಕರಾವಳಿಯವರು ಮಾತ್ರ ಬೆಂಗಳೂರಿಗೇ ಹೋಗಬೇಕು. ಮಂಗಳೂರಿಗೂ ಪೀಠ ಬೇಕು ಅನ್ನುವ ಕೂಗು ಇನ್ನೂ ಕೂಗಾಗಿಯೇ ಇದೆ. ಮಳೆಗೆ ಶಿರಾಡಿ ಘಾಟಿ ಕುಸಿದಾಗ ವಿಡಿಯೋ ಲಿಂಕಿನ ಬೆಲೆ ಗೊತ್ತಾಗುತ್ತದೆ. ವಕೀಲರಿಗೆ, ಕಕ್ಷಿದಾರರಿಗೆ ವಿಡಿಯೋ ಸೌಲಭ್ಯ ನಿರಾಕರಿಸಬೇಡಿ ಎಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಹೈಕೋರ್ಟುಗಳಿಗೆ ಹೇಳಿತ್ತು.

ಎರಡೇ ತಿಂಗಳಲ್ಲಿ, ಅದೇ ಡಿಸೆಂಬರಿನಲ್ಲಿ, ಯಾರೋ ಕಿಡಿಗೇಡಿಗಳು ಕರ್ನಾಟಕ ಹೈಕೋರ್ಟಿನ ವಿಡಿಯೋ ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದರು. ವಿಡಿಯೋ ವಿಚಾರಣೆಯನ್ನೇ ಕೆಲವು ಕಾಲ ನಿಲ್ಲಿಸಬೇಕಾಯಿತು. ಅದಕ್ಕೇ ಹೇಳುವುದು, ‘ಗ್ಯಾಲಕ್ಸಿ ಎ14’ ಅಂತಲೋ ‘ಅಪ್ಪುವಿನ ಅಮ್ಮ’ ಅಂತಲೋ ಹೆಸರಿಟ್ಟುಕೊಂಡು ಸೇರಬೇಡಿ, ಒಳಗೆ ಬಿಡುವುದಿಲ್ಲ. ಕೇಸಿನ ಕ್ರಮಸಂಖ್ಯೆ, ನಿಜವಾದ ಹೆಸರು, ವಕೀಲರೋ ಕಕ್ಷಿದಾರರೋ ಅನ್ನುವುದು ಇರಲಿ. ಕಲಾಪವನ್ನು ರೆಕಾರ್ಡ್ ಮಾಡುವುದು, ಫೋನಿನಲ್ಲಿ ಫೋಟೋ ಹಿಡಿದು ಫ್ಯಾಮಿಲಿ ಗ್ರೂಪಿಗೆ ಹಾಕುವುದು ಪೂರ್ತಿ ನಿಷಿದ್ಧ.

ಜೈಲಿನಲ್ಲಿರುವವರ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ. ನ್ಯಾಯಾಂಗ ಬಂಧನ ಮುಂದುವರಿಸಲು ಹಿರಿಯಡ್ಕದ ಜೈಲಿನಿಂದಲೋ ಕೊಡಿಯಾಲಬೈಲಿನ ಜೈಲಿನಿಂದಲೋ ವಿಡಿಯೋದಲ್ಲಿ ಹಾಜರುಪಡಿಸಬಹುದು. ಪೊಲೀಸ್ ಕಸ್ಟಡಿಗೆ ಕೊಡುವುದಾದರೆ ಮನುಷ್ಯನನ್ನೇ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಆರೋಪಿಗೆ ಏಟು ಬಿದ್ದಿದೆಯೇ ಅಂತ ಕಣ್ಣಾರೆ ನೋಡುವುದು ಪರದೆಯಲ್ಲಿ ಆಗುವ ಕೆಲಸ ಅಲ್ಲ.

ಸಾಕ್ಷಿ ಹೇಳುವ ದಿನ

ನಿಯಮದ ಪ್ರಕಾರ 30 ನಿಮಿಷ ಮೊದಲೇ ತಯಾರಾಗಿ ಕೂತಿರಬೇಕು. ಪಾಸ್‌ಪೋರ್ಟು ಅಥವಾ ಆಧಾರ್ ಕೈಯಲ್ಲಿರಲಿ, ಹೆಸರು, ತಂದೆಯ ಹೆಸರು, ವಿಳಾಸ ಕೇಳುತ್ತಾರೆ. ಕೋಣೆಯನ್ನು ಕ್ಯಾಮೆರಾದಲ್ಲಿ ಸುತ್ತ ತೋರಿಸಲು ಹೇಳಬಹುದು, ಬೇಸರಿಸಬೇಡಿ. ಕೋರ್ಟಿಗೆ ಬರುವಾಗ ಹಾಕುವಂಥ ಬಟ್ಟೆಯನ್ನೇ ಹಾಕಿ. 2025ರಲ್ಲಿ ಗುಜರಾತ್ ಹೈಕೋರ್ಟಿನ ಕಲಾಪಕ್ಕೆ ಒಬ್ಬ ಶೌಚಾಲಯದಿಂದ ಹಾಜರಾದ ಸುದ್ದಿ ದೇಶವೆಲ್ಲ ಓದಿತು. ಅವನಿಗೆ ದಂಡವೂ ಬಿತ್ತು.

ಪ್ರಮಾಣ ಆದ ಮೇಲೆ ಅದು ಪೂರಾ ಕೋರ್ಟೇ. ಸುಳ್ಳು ಸಾಕ್ಷಿಗೆ ಇಲ್ಲಿ ಎಷ್ಟು ಶಿಕ್ಷೆಯೋ ಅಲ್ಲೂ ಅಷ್ಟೇ, ಏಳು ವರ್ಷದವರೆಗೆ.

ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ತೆಗೆದುಕೊಂಡು ಉತ್ತರಿಸಿ. ತಕ್ಷಣ ಮಾತಾಡಿದರೆ ಎರಡು ಧ್ವನಿ ಒಂದರ ಮೇಲೊಂದು ಬಿದ್ದು, ಬೆರಳಚ್ಚುಗಾರರಿಗೆ ಏನೂ ಸಿಗುವುದಿಲ್ಲ. ನಿಮ್ಮ ವಕೀಲರು ಆಕ್ಷೇಪ ಎತ್ತಬೇಕಿದ್ದರೆ ಅವರಿಗೂ ಆ ಹೊತ್ತು ಬೇಕು. ತಲೆ ಅಲ್ಲಾಡಿಸಬೇಡಿ, ‘ಹೌದು’, ‘ಇಲ್ಲ’ ಅಂತ ಬಾಯಿಬಿಟ್ಟು ಹೇಳಿ. ನಮ್ಮವರ ‘ಹ್ಞೂಂ’ ಹೌದೋ ಅಲ್ಲವೋ ಅನ್ನುವುದು ಹತ್ತಿರ ಇದ್ದವರಿಗೇ ಗೊತ್ತಾಗುವುದು ಕಷ್ಟ. ಪ್ರಶ್ನೆ ತುಂಡಾಗಿ ಕೇಳಿಸಿದರೆ ಊಹಿಸಿ ಉತ್ತರಿಸಬೇಡಿ. “ಸ್ವಾಮಿ, ಪ್ರಶ್ನೆ ಪೂರ್ತಿ ಕೇಳಲಿಲ್ಲ” ಅನ್ನಿ, ಎಷ್ಟು ಸಲವಾದರೂ ಅನ್ನಿ. ಟಿಪ್ಪಣಿ ನೋಡಿ ಓದಬೇಡಿ. ಕಣ್ಣು ಪದೇ ಪದೇ ಒಂದೇ ಕಡೆ ಹೋಗುವುದು ವಿಡಿಯೋದಲ್ಲಿ ಎದ್ದು ಕಾಣುತ್ತದೆ. ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು.

ಲಿಂಕು ಕಡಿದರೆ ಗಾಬರಿಯಾಗಿ ಬೇರೆ ಯಾರಿಗೂ ಫೋನ್ ಮಾಡಬೇಡಿ. ಪಾಟೀ ಸವಾಲಿನ ನಡುವೆ ನಿಮ್ಮ ವಕೀಲರಿಗೆ ಮಾಡಿದ ಕರೆ, ಆಮೇಲೆ ‘ಆಗ ಹೇಳಿಕೊಟ್ಟರಾ?’ ಅನ್ನುವ ಪ್ರಶ್ನೆಯಾಗಿ ತಿರುಗಿ ಬರುತ್ತದೆ. ಕೋಆರ್ಡಿನೇಟರು ಕೋರ್ಟಿನ ಕೋಆರ್ಡಿನೇಟರಿಗೆ ತಿಳಿಸಲಿ, ನೀವು ಕೂತಲ್ಲೇ ಕೂತಿರಿ. ಚಿತ್ರ ಅಥವಾ ಧ್ವನಿ ತೀರಾ ಕೆಟ್ಟಿದ್ದರೆ ಕೋರ್ಟು ನಿಲ್ಲಿಸಿ ಬೇರೆ ದಿನ ಕೊಡಬಹುದು.

ಮುಗಿದ ಮೇಲೆ ಸಹಿ

ಪರದೆ ಆರಿದ ಮೇಲೆಯೂ ಒಂದು ಕೆಲಸ ಉಳಿದಿರುತ್ತದೆ. ನೀವು ಹೇಳಿದ್ದನ್ನು ಬರೆದುಕೊಂಡ ಪ್ರತಿಗೆ ನ್ಯಾಯಾಧೀಶರು ಸಹಿ ಮಾಡಿ ಅಧಿಕೃತ ಇಮೇಲಿನಲ್ಲಿ ರಿಮೋಟ್ ಪಾಯಿಂಟಿಗೆ ಕಳಿಸುತ್ತಾರೆ. ಅದನ್ನು ಪ್ರಿಂಟ್ ತೆಗೆದು ಓದಿ, ಸಹಿ ಹಾಕಿ, ಕೋಆರ್ಡಿನೇಟರ ಮೂಲಕ ಸ್ಕ್ಯಾನ್ ಮಾಡಿ ವಾಪಸ್ ಕಳಿಸಬೇಕು. ಮೂಲ ಪ್ರತಿ ಸಾಧ್ಯವಾದರೆ ಮೂರು ದಿನದೊಳಗೆ ಕೊರಿಯರಿನಲ್ಲೋ ಸ್ಪೀಡ್ ಪೋಸ್ಟಿನಲ್ಲೋ ಹೊರಡಬೇಕು.

‘ಓದಿ’ ಅಂದೆ, ಹೌದು, ಪ್ರತಿ ಸಾಲನ್ನೂ. ಒಮ್ಮೆ ನಮ್ಮ ಸಾಕ್ಷಿ ‘ಹತ್ತು ಸೆಂಟ್ಸ್’ ಅಂದದ್ದು ಪ್ರತಿಯಲ್ಲಿ ‘ಹತ್ತೊಂಬತ್ತು’ ಆಗಿತ್ತು. ಕಾನ್ಸುಲೇಟಿನಿಂದ ಹೊರಡುವ ಆತುರದಲ್ಲಿ ಅವರು ಸಹಿ ಹಾಕಿಬಿಟ್ಟಿದ್ದರು. ಅದನ್ನು ತಿದ್ದಿಸಲು ಮತ್ತೊಂದು ಅರ್ಜಿ, ಮತ್ತೆರಡು ವಾಯಿದೆ. ತಪ್ಪು ಕಂಡರೆ ಸಹಿಗೆ ಮೊದಲೇ ಕೋಆರ್ಡಿನೇಟರಿಗೆ ಹೇಳಿ. ಬೆಂಚ್ ಕ್ಲರ್ಕು ‘ಆಯ್ತು, ಹೋಗಬಹುದು’ ಅನ್ನುವವರೆಗೆ ಲಿಂಕಿನಿಂದ ಹೊರಗೆ ಬರಬೇಡಿ.